ನೀಲಿಯಾದ ಮಣಿಗಳು

ಹಾಲಾಹಲವನ್ನು ಕೊರಳಲ್ಲೇ ನಿಲ್ಲಿಸಿ ನಮ್ಮೆಲ್ಲರನ್ನು ಉಳಿಸಿದ ನಂಜುಂಡಸ್ವಾಮಿಗೆ ಮೊದಲು ತಲೆಬಾಗಿ, ಈ ಕಥೆ.

ಹೊಳೆದಂಡೆಯ ಆಶ್ರಮದಲ್ಲಿ ಕಲ್ಲಯ್ಯಸ್ವಾಮಿಗಳು, ಅವರ ಶಿಷ್ಯ ರೇವಣ. ದಿಬ್ಬದ ಮೇಲೆ ತಾಮ್ರದ ಲೇಪ ಹಾಕುವ ಕಾರ್ಖಾನೆ. ಅದರಿಂದ ಹೊರಬಿಟ್ಟ, ತಾಮ್ರ ಬೆರೆತ ನೀರು ಆಶ್ರಮದ ಕಾಲುವೆ ಹಾದೇ ಹೊಳೆ ಸೇರಬೇಕು.

ಸ್ವಾಮಿಗಳು ಶಿಷ್ಯನಿಗೆ ರಾಳದ ಮಣಿ ಮಾಡುವುದನ್ನು ಕಲಿಸಿದರು. ಸಾಬಕ್ಕಿಯಂಥ ಬಿಳಿ ಮಣಿ. ಏಡಿ ಕೊಂಡಿಯಲ್ಲಿ ಹಿಡಿದ ಹಾಗೆ ಅದು ನೀರಿನೊಳಗಿನ ತಾಮ್ರವನ್ನು ಹಿಡಿಯುತ್ತದೆ, ಹಿಡಿದಷ್ಟೂ ನೀಲಿಯಾಗುತ್ತದೆ. ಕಾಲುವೆಗೆ ಆ ಮಣಿ ತುಂಬಿಸಿಟ್ಟರು. ನೀರು ತಿಳಿಯಾಗಿ ಇಳಿಯತೊಡಗಿತು.

ಹೊಳೆಗಿಳಿಯುವ ಮೆಟ್ಟಿಲ ಕೆಳಗಿನ ಮಡುವಿನಲ್ಲಿ ದೇವರ ಮೀನುಗಳಿದ್ದವು. ಸ್ವಾಮಿಗಳು ದಿನಾ ಮಂಡಕ್ಕಿ ಹಾಕುತ್ತಿದ್ದರು.

ಒಮ್ಮೆ ಅವರು ಪಕ್ಕದೂರಿನ ಪೂಜೆಗೆ ಹೋಗಿ ಬಂದು, ಮಡುವಿಗೆ ಮಂಡಕ್ಕಿ ಎರಚಿದರು. ಅದು ತೇಲುತ್ತಲೇ ಇತ್ತು.

“ರೇವಣ, ಮೀನೆಲ್ಲಿ?”

ಶಿಷ್ಯ ತಲೆಯೆತ್ತಲಿಲ್ಲ. “ಸತ್ತು ತೇಲಿಹೋದವು, ಬುದ್ಧಿ.”

“ಮಣಿ ಕೈಕೊಟ್ಟವೇ?”

“ಇಲ್ಲ. ತುಂಬಿ ಕಡುನೀಲಿಯಾಗಿದ್ದವು. ಆಸಿಡ್‌ನಲ್ಲಿ ತೊಳೆದರೆ ಹಿಡಿದದ್ದನ್ನು ಬಿಟ್ಟುಬಿಡುತ್ತವೆ ಅಂದಿದ್ದಿರಲ್ಲ. ತೊಳೆದೆ. ಮಲ್ಲಿಗೆ ಮೊಗ್ಗಿನ ಹಾಗಾದವು.”

“ತೊಳೆದ ನೀರು?”

“ಅಭಿಷೇಕದ ನೀರು ನಾವು ಹೊಳೆಗೇ ಅಲ್ಲವೇ ಬಿಡುವುದು. ಹಾಗೇ ಮಂತ್ರ ಹೇಳಿ ಬಿಟ್ಟೆ. ಗಂಗಮ್ಮ ಎಲ್ಲ ತೊಳೆಯುತ್ತಾಳೆ ಅಂದುಕೊಂಡೆ. ಅರ್ಧ ಡ್ರಮ್ಮು ಸುರಿದಾಗ ಮೊದಲ ಮೀನು ಮಗುಚಿತು, ಅಲ್ಲಿಗೇ ನಿಲ್ಲಿಸಿದೆ.”

ಸ್ವಾಮಿಗಳು ಮೆಟ್ಟಿಲ ಮೇಲೆ ಕೂತರು.

“ಮಳೆಗಾಲವೆಲ್ಲ ಹಿಡಿದದ್ದು, ಒಂದೇ ಗುಕ್ಕಿಗೆ ಹೊಳೆಗೆ. ಹಿಡಿಯುವುದನ್ನು ಕಲಿಸಿದೆ. ಬಿಡಿಸಿದ್ದನ್ನು ಎಲ್ಲಿಡಬೇಕು ಅಂತ ಹೇಳದೆ ಹೊರಟುಬಿಟ್ಟೆ. ನನ್ನದೂ ತಪ್ಪೇ.”

“ಬೈದುಬಿಡಿ, ಬುದ್ಧಿ.”

“ಬೈದರೆ ಮೀನು ಬರುತ್ತವೆಯೇ?”

ಡ್ರಮ್ಮಿನಲ್ಲಿ ಉಳಿದಿದ್ದ ನೀಲಿ ನೀರಿಗೆ ಸ್ವಾಮಿಗಳು ಸುಣ್ಣ ಕದಡಿದರು. ನೀಲಿಯೆಲ್ಲ ಕೆಸರಿನಂತೆ ತಳಕ್ಕಿಳಿಯಿತು. ಅದನ್ನು ಜಾಡಿಗೆ ತುಂಬಿ, ಬಾಯಿಗೆ ಮೇಣ ಬಳಿದು, ತಂದು ರೇವಣನ ಚಾಪೆಯ ತಲೆದೆಸೆಗೆ ಇಟ್ಟರು.

“ಇಲ್ಲೇಕೆ ಬುದ್ಧಿ? ದೂರ ಎಲ್ಲಾದರೂ ಹೂತು ಬರುತ್ತೇನೆ.”

“ಅಲ್ಲೂ ಯಾರದೋ ಬಾವಿ ಇರುತ್ತದೆ.”

ರೇವಣ ಜಾಡಿಯನ್ನೇ ನೋಡಿದ. ಕಣ್ಣು ತುಂಬಿತ್ತು.

“ಎಷ್ಟು ಕಾಲ ಇಟ್ಟುಕೊಳ್ಳಲಿ?”

ಸ್ವಾಮಿಗಳು ಉಳಿದ ಮಂಡಕ್ಕಿಯನ್ನು ಅವನ ಕೈಗಿಟ್ಟು, ಗುಡಿಯ ಕಡೆ ತಿರುಗಿದರು.

“ನಂಜುಂಡಸ್ವಾಮಿ ಇನ್ನೂ ಕೊರಳಿನಿಂದ ಇಳಿಸಿಲ್ಲ, ಮಗು.”

ಕೇಳಿದ ನಿಮ್ಮೆಲ್ಲರ ಮನೆಯ ನೀರು ತಿಳಿಯಾಗಿರಲಿ. ಆ ಸ್ವಾಮಿ ನಿಮ್ಮನ್ನು ಕಾಯಲಿ.