ಅಡಿವೆಪ್ಪ ತೊಟ್ಟಿಲಾ ನುಣ್ಣಗ ಮಾಡಿದ್ದು

ನಮ್ಮೂರ ನೇಕಾರ ಓಣಿಯೊಳಗ ನೀಲವ್ವ ಅಂತ ಒಬ್ಬಾಕಿ, ಆಕಿಗೆ ಅಡಿವೆಪ್ಪ ಅಂತ ಒಬ್ಬ ಮಗ. ಹಗಲೆಲ್ಲ ಮಗ್ಗದಾಗ ಕುಂತು ಖಣ ನೇಯಾಂವ. ಮಗ್ಗ ನಿಂತಿತಂದರ ಅಜ್ಜನ ಉಳಿ, ಗರಗಸ, ಕೀಸುಳಿ ತಗೊಂಡು ಹಿತ್ತಲಾಗ ಕಟಗಿ ಕೆಲಸಕ್ಕ ಕೂಡಾಂವ. ಯಾರೂ ಕಲಿಸಿದ್ದಲ್ಲ, ಯಾರೂ ಹೇಳಿದ್ದಲ್ಲ, ಬರೇ ಹುಚ್ಚು. ಕೈ ಭಾಳ ಛಲೋ. ತಲಿ ಮಾತ್ರ ಹೇಳಿದ್ದು ಹೇಳಿದಷ್ಟ. "ಬಾಗಲಾ ನೋಡಿಕೋ" ಅಂತ ಹೇಳಿ ಅವ್ವ ಸಂತಿಗೆ ಹೋದರ, ಆಕಿ ಬರೂತನಕ ಬಾಗಲಾನ ನೋಡಿಕೋತ ಕುಂತಿರತಿದ್ದ. ನಾಯಿ ಹಿತ್ತಲಿಂದ ಬಂದು ರೊಟ್ಟಿ ತಿಂದು ಹೋಗತಿತ್ತು.

"ಇಂಥಾ ಮಗನ್ನ ಇಟಗೊಂಡು ನಾ ಹೆಂಗ ಬಾಳೇ ಮಾಡ್ಲಿ" ಅಂತಿದ್ದಳು ನೀಲವ್ವ. ಅಡಿವೆಪ್ಪಗೂ ತಿಳೀತಿರಲಿಲ್ಲ. ಹೇಳಿದ್ದು ಮಾಡೀನಿ, ಮತ್ಯಾಕ ಬೈತಾಳ?

ಒಂದು ವರ್ಷ ಬ್ಯಾಸಗಿ ಬರೂ ಮುಂದ, ಬೇವಿನ ಗಿಡ ಚಿಗಿಯೂ ಹೊತ್ತಿನಾಗ, ನೀಲವ್ವನ ಮಗಳು ಗಂಗವ್ವ ತವರಿಗೆ ಬಂದು ಹೆಣ್ಣು ಕೂಸು ಹಡೆದಳು. ಯುಗಾದಿ ದಿನ ತೊಟ್ಟಿಲಿಗೆ ಹಾಕಿ ಹೆಸರಿಡೂದಂತ ಆತು. ಬೀಗತಿ ಚನಬಸವ್ವ ಹೇಳಿ ಕಳಿಸಿದಳು: "ನಿಮ್ಮ ಮನಿತನದ ತೊಟ್ಟಿಲದಾಗ ಹಾಕ್ರಿ. ನೋಡಾಕ ನಾವೆಲ್ಲಾರೂ ಬರ್ತೀವಿ."

ಆ ತೊಟ್ಟಿಲಾ ಅಡಿವೆಪ್ಪನ ಮುತ್ತಜ್ಜ ಸಾಗವಾನಿ ಕಟಗೀಲೆ ಮಾಡಿದ್ದು. ಆ ಮನ್ಯಾಗ ಹುಟ್ಟಿದ ಕೂಸಿನ ಹೆಸರೆಲ್ಲಾ ಅದರ ತಲಿಕಡಿ ಪಟ್ಟಿ ಮ್ಯಾಲೆ ಕೆತ್ತಿತ್ತು.

ಮದಲ ನೀಲವ್ವ ಮಗಗ ಒಂದು ಸಣ್ಣ ಕೆಲಸ ಹೇಳಿದಳು. ಆಕಿ ಅತ್ತಿ ಕೂಡತಿದ್ದ ಕಾಲ್ಮಣಿ ಒಂದಿತ್ತು. "ಬಾಣಂತಿ ಕುಂತರ ಇದು ಓಲ್ಯಾಡತೈತಿ. ಯಾವ ಕಾಲು ಉದ್ದ ಐತಿ ನೋಡಿ ಕೊಯ್ಯಿ."

ಅಡಿವೆಪ್ಪ ನೋಡಿದ, ಕೊಯ್ದ. ಈಗ ಬ್ಯಾರೇ ಕಾಲು ಉದ್ದ ಕಂಡಿತು. ಅದನ್ನೂ ಕೊಯ್ದ. ಮತ್ತ ಇನ್ನೊಂದು ಉದ್ದ ಕಂಡಿತು. ಸಂಜೀಕ ನೀಲವ್ವ ಬಂದು ನೋಡಿದರ ಮಣಿ ನೆಲಕ್ಕ ಹತ್ತಿ ಕುಂತಿತ್ತು.

"ಕಾಲೆಲ್ಲೋ ಇದರದು?"

"ಯಾವುದು ನೋಡಿದರೂ ಉದ್ದಾನ ಇತ್ತವ್ವಾ. ಈಗ ನೋಡು, ಓಲ್ಯಾಡೂದಿಲ್ಲ."

ನೀಲವ್ವ ಹಣಿ ಹಣಿ ಬಡಕೊಂಡಳು. "ಹಿರ್ಯಾರ ಸಾಮಾನಕ್ಕ ಗರಗಸಾ ಹಚ್ಚತಾರೇನೋ ಖೋಡಿ? ಅದು ಹೆಂಗೈತೋ ಹಂಗ ಇರಬೇಕು. ಒಂದು ಕಡ್ಡೀನೂ ಅಲುಗಾಡಬಾರದು. ತಿಳೀತೇನು?"

"ತಿಳೀತವ್ವಾ."

ಮರುದಿನ, "ಅಟ್ಟದ ಮ್ಯಾಲಿನ ತೊಟ್ಟಿಲಾ ಇಳಿಸಿಕೊಂಡು ಬಾ" ಅಂದಳು. ಅಡಿವೆಪ್ಪ ಏರಿದ. ತೊಟ್ಟಿಲದಾಗ ಬೆಕ್ಕು ಮರಿ ಹಾಕಿತ್ತು. ಹೆಂಗೈತೋ ಹಂಗ, ಒಂದು ಕಡ್ಡೀನೂ ಅಲುಗಾಡಬಾರದು. ಅಂವ ಉಸರು ಬಿಗಿ ಹಿಡದು, ಒಂದೊಂದ ಮೆಟ್ಟಲಾ ಇಳದು, ಬೆಕ್ಕು ಮರಿ ಜೋಡಿ ತೊಟ್ಟಿಲಾ ತಂದು ಬಾಣಂತಿ ಮುಂದ ಇಟ್ಟ. ಬೆಕ್ಕು ಅವನ ಮಾರಿ, ಕೈ ಎಲ್ಲಾ ಪರಚಿತ್ತು.

ಗಂಗವ್ವ ನಗೂದೋ ಹೆದರೂದೋ ತಿಳೀದ ಕೂಸಿನ್ನ ಎದಿಗೆ ಅವಚಿಕೊಂಡಳು. "ಇದೇನಣ್ಣಾ?"

"ಹೆಂಗಿತ್ತೋ ಹಂಗ ತಂದೀನಿ."

ನೀಲವ್ವ ಬೆಕ್ಕಿನ ಮರಿ ಎತ್ತಿ ಹಿತ್ತಲಾಗ ಗೋಣಿಚೀಲದ ಮ್ಯಾಲೆ ಇಟ್ಟು ಬಂದಳು. "ಹೊಲಸಿದ್ದರ ತೊಳದು ತರಬೇಕಪ್ಪಾ. ನೋಡು, ಇದರ ಬಣ್ಣೆಲ್ಲಾ ಹೋಗೇತಿ. ಬಣ್ಣಾ ಹಚ್ಚಿಸಬೇಕು. ಮನ್ಯಾಗ ಬ್ಯಾಡ, ವಾಸನಿ ಕೂಸಿಗೆ ಆಗಂಗಿಲ್ಲ. ಹೊರಗ ಒಯ್ದು ಹಚ್ಚಿಸಿಕೊಂಡು ಬಾ."

ಅಡಿವೆಪ್ಪ ತೊಟ್ಟಿಲಾ ತೊಳದ, ತಲಿ ಮ್ಯಾಲೆ ಹೊತ್ತ, ಹೊಂಟ. ಅವತ್ತು ಹೋಳಿ ಹುಣ್ಣಿವಿ ಬಣ್ಣ. ಚೌಕದಾಗ ಹಲಗಿ ಬಡೀತಿದ್ದರು, ಬಂಡಿ ತುಂಬ ಬಣ್ಣದ ನೀರಿನ ಪೀಪಾಯಿ. ಅಡಿವೆಪ್ಪ ಅವರ ನಡಕ ತೊಟ್ಟಿಲಾ ಇಳಿಸಿ, "ನಮ್ಮವ್ವ ಹೇಳ್ಯಾಳ, ಇದಕ್ಕ ಬಣ್ಣಾ ಹಚ್ಚರಿ" ಅಂದ.

ಅವರಿಗೆ ಎರಡನೇ ಸಲ ಹೇಳೂದು ಬೇಕಾಗಲಿಲ್ಲ. ಗುಲಾಬಿ ಹೊಯ್ದರು, ಹಸರು ಹೊಯ್ದರು, ಬೆಳ್ಳಿ ಬಣ್ಣಾ ಬಳದರು. ಆಮ್ಯಾಲೆ ಅಡಿವೆಪ್ಪನ್ನ ಅದರಾಗ ಕುಂಡ್ರಿಸಿ, ಹೊತಗೊಂಡು, ಜೋಗುಳಾ ಹಾಡಿಕೋತ ಊರ ತುಂಬ ಮೆರಿಸಿದರು. ಕಡೀಕ ಮನಿ ಬಾಗಲದಾಗ ಇಳಿಸಿ ಹೋದರು.

ನೀಲವ್ವಗ ಮಗ ಯಾವುದು, ತೊಟ್ಟಿಲಾ ಯಾವುದು ಗುರುತು ಹತ್ತಲಿಲ್ಲ.

"ಬಡಗ್ಯಾರ ಹಂತೇಕ ಒಯ್ಯಿ ಅಂತ ಹೇಳಿದರ ಇದೇನೋ?"

"ಬಡಗ್ಯಾರ ಹೆಸರ ನೀ ತಗೀಲಿಲ್ಲಲ್ಲವ್ವಾ."

ಹೌದು, ಆಕಿ ತಗದಿರಲಿಲ್ಲ. ಅದಕ್ಕ ಇನ್ನಷ್ಟು ಸಿಟ್ಟು ಬಂತು. "ಉಜ್ಜು. ಬಣ್ಣದ ಕಲಿ ಅಂಬೂದು ಒಂದೂ ಉಳೀಬಾರದು. ನಾ ಕೈ ಆಡಿಸಿ ನೋಡತೀನಿ, ಎಲ್ಲೂ ಕೈಗೆ ಹತ್ತಬಾರದು, ಬೆಣ್ಣಿ ಹಂಗ ನುಣ್ಣಗಿರಬೇಕು."

ಅಡಿವೆಪ್ಪ ದಿನಾ ಮಗ್ಗ ಬಿಟ್ಟ ಮ್ಯಾಲೆ ಉಜ್ಜಿದ. ಬಣ್ಣಾ ಹೋತು. ಕಟಗಿ ಬಂಗಾರದಂಗ ಹೊಳೀತು. ಕಣ್ಣ ಮುಚ್ಚಿ ಕೈ ಆಡಿಸಿದ. ಎಲ್ಲಾ ನುಣ್ಣಗಿತ್ತು, ತಲಿಕಡಿ ಪಟ್ಟಿ ಮಾತ್ರ ಕೈಗೆ ಹತ್ತಿತು. ಕೀಸುಳಿ ತಗೊಂಡು ಅದನ್ನೂ ನುಣ್ಣಗ ಮಾಡಿದ.

ನೀಲವ್ವ ಬಂದು ಕೈ ಆಡಿಸಿದಳು. ಮಾರಿ ಅರಳಿತು. ಕೈ ತಲಿಕಡಿ ಪಟ್ಟಿಗೆ ಬಂತು, ಅಲ್ಲೇ ನಿಂತಿತು. ಈ ಸಲ ಬೈಲಿಲ್ಲ. ನೆಲದ ಮ್ಯಾಲೆ ಕುಂತಳು.

"ನುಣ್ಣಗಿಲ್ಲೇನವ್ವಾ?" ಅಂದ ಅಡಿವೆಪ್ಪ.

"ನಿಮ್ಮಪ್ಪನ ಹೆಸರ ಇತ್ತು ಇದರಾಗ. ನಿನಗಿಂತ ಮದಲ ಒಂದು ಕೂಸು ಹುಟ್ಟಿತ್ತು, ಶಿವಕ್ಕ. ಮೂರು ತಿಂಗಳಾ ಇತ್ತು. ಅದರದು ಫೋಟೋ ಇಲ್ಲ, ಏನಿಲ್ಲ. ಈ ಹೆಸರೊಂದ ಇತ್ತು."

ಅಡಿವೆಪ್ಪ ಕೀಸಿದ ಕಟಗಿ ಹೊಟ್ಟಿನಾಗ ಕೈ ಹಾಕಿ ಹುಡುಕಿದ. ಎಲ್ಲಾ ಸುರುಳಿ ಸುರುಳಿ. ಒಂದು ಸುರುಳಿ ಬಿಚ್ಚಿ ನೋಡಿದ, ಯಾವ ಹೆಸರೂ ಕಾಣಲಿಲ್ಲ. ಹೇಳಿದ್ದ ಮಾಡಿದ್ದೆ, ಹಿಂಗ್ಯಾಕಾತು ಅಂತ ತಿಳೀಲಿಲ್ಲ.

ಸ್ವಲ್ಪ ಹೊತ್ತಿನ ಮ್ಯಾಲೆ ನೀಲವ್ವ ಸೆರಗಿಲೆ ಕಣ್ಣೊರಸಿಕೊಂಡಳು. "ಉಳಿ ತಗೋ. ಹೆಸರೆಲ್ಲಾ ನನ್ನ ಬಾಯಾಗ ಅದಾವು. ಒಂದು ಮಾತ ಕೇಳು. ನಿನ್ನ ತಲಿ ಓಡಸಬ್ಯಾಡ. ನನ್ನ ಬಾಯಿಂದ ಏನ ಬರತೈತೋ ಅದನ್ನ ಕೆತ್ತು."

ಆಕಿ ಒಂದೊಂದ ಹೆಸರ ಹೇಳಿದಳು, ಅಂವ ಒಂದೊಂದ ಕೆತ್ತಿದ. ಮುತ್ತಜ್ಜನ ಮಕ್ಕಳು, ಅಜ್ಜ, ಅವನ ತಂಗ್ಯಾರು, ಅಪ್ಪ. ಶಿವಕ್ಕನ ಹೆಸರಿಗೆ ಬಂದಾಗ ಅಂವ ಕೇಳದನ ಸುತ್ತೂ ಸಣ್ಣ ಬಳ್ಳಿ ಬಿಡಿಸಿದ. ನೀಲವ್ವ ಆ ಬಳ್ಳಿ ಮ್ಯಾಲೆ ಒಮ್ಮೆ ಬೆರಳಾಡಿಸಿ ಮುಂದಿನ ಹೆಸರ ಹೇಳಿದಳು. ಅಕ್ಷರ ಮದಲಿಗಿಂತ ಚಂದ ಬಂದಿದ್ದವು. ಕಡೀಕ ಹೊಸಾ ಕೂಸಿನ ಹೆಸರಿಗೆ ಒಂದು ಜಾಗಾ ಉಳೀತು.

ಯುಗಾದಿ ದಿನ ಬೀಗರು ಬಂದರು. ಬೇವು ಬೆಲ್ಲ ಹಂಚಿದ್ದಾತು, ಹೋಳಿಗಿ ಹಂಚಿನ ಮ್ಯಾಲಿದ್ದವು. ಹೆಸರಿನ ಮಾತು ಬಂದಾಗ ಜಗಳಾ ಹತ್ತಿತು. ಚನಬಸವ್ವ, "ನಮ್ಮತ್ತಿ ಹೆಸರ ಇಡಬೇಕು, ಬಸಲಿಂಗವ್ವ" ಅಂದಳು. ಗಂಗವ್ವ, "ಸಾಲ್ಯಾಗ ನಗತಾರ" ಅಂದಳು. ಕೂಸಿನ ಅಪ್ಪ ಜಂತಿ ಎಣಿಸಿಕೋತ ನಿಂತ. ನೀಲವ್ವ ಒಂದು ಕೈಯಾಗ ಹೋಳಿಗಿ ತಿರುವಿಕೋತ, ಇನ್ನೊಂದು ಕೈಲೆ ಮಗಳನ್ನ ಸುಮ್ಮನಿರಿಸಿಕೋತ ಇದ್ದಳು.

ಅಡಿವೆಪ್ಪ ಹೊರಗ ಪಡಸಾಲ್ಯಾಗ ಉಳಿ ಹಿಡಕೊಂಡು ತೊಟ್ಟಿಲದ ಬಾಜೂಕ ಕಾಯಕೋತ ಕುಂತಿದ್ದ. "ಯವ್ವಾ, ಕೂಸಿನ ಹೆಸರ ಏನಂತ ಕೆತ್ತಲಿ?"

"ಸ್ವಲ್ಪ ತಡಿ" ಅಂದಳು ನೀಲವ್ವ.

ಅಡಿವೆಪ್ಪಗ ಹೆಸರ ಸ್ವಲ್ಪ ಹೊಸಾದು ಅನಿಸಿತು. ಖರೆ, ತಲಿ ಓಡಸಬ್ಯಾಡ ಅಂದಾಳ. ಕೆತ್ತಿದ.

ಒಳಗ ಜಗಳಾ ಮುಗೀತು. ಗೌರಿ ಅಂತ ಎಲ್ಲಾರೂ ಒಪ್ಪಿದರು. ಕೂಸಿನ್ನ ಹಾಕಾಕ ಬಂದ ಚನಬಸವ್ವ ಕನ್ನಡಕಾ ಏರಿಸಿ ಪಟ್ಟಿ ಓದಿದಳು. ಒಂದೊಂದ ಹೆಸರ ಓದಿ ತಲಿ ದೂಗಿದಳು. ಕಡೇದಕ್ಕ ಬಂದು ನಿಂತಳು. "ಸ್ವಲ್ಪ ತಡಿ?"

"ನಿಂತೀವಲ್ರಿ" ಅಂದರು ಹಿಂದಿದ್ದ ಹೆಣ್ಣುಮಕ್ಕಳು.

"ನಿಮಗಲ್ಲ. ಇಲ್ಲಿ ಬರದೈತಿ."

ನೀಲವ್ವ ಮಗನ ಕಡಿ ನೋಡಿದಳು. "ನಿನ್ನ ಬಾಯಿಂದನ ಬಂತಲ್ಲವ್ವಾ" ಅಂದ ಅಡಿವೆಪ್ಪ. "ಬ್ಯಾಡಾದರ ಕೀಸಿ ತಗೀತೀನಿ."

"ಮುಟ್ಟಬ್ಯಾಡ" ಅಂದಳು ನೀಲವ್ವ. ಚನಬಸವ್ವ ಮದಲ ನಕ್ಕಳು, ಆಮ್ಯಾಲೆ ಎಲ್ಲಾರೂ ನಕ್ಕರು.

ಈಗ ಆ ಹುಡುಗಿಗೆ ನಾಕು ವರ್ಷ. ಸಾಲ್ಯಾಗ ಗೌರಿ, ಓಣ್ಯಾಗೆಲ್ಲಾ ಸ್ವಲ್ಪ ತಡಿ. ರಜಾಕ್ಕ ಅಜ್ಜಿ ಮನಿಗೆ ಬಂದಾಗ ನೀಲವ್ವ ಕೈಯಾಗ ಕಾದ ಹಂಚು ಹಿಡಕೊಂಡು "ಸ್ವಲ್ಪ ತಡಿ, ಸ್ವಲ್ಪ ತಡಿ" ಅಂದರ, ಹುಡುಗಿ ಎಲ್ಲಿದ್ದರೂ ಓಡಿ ಬಂದು ಕಾಲಿಗೆ ತೊಡಕತೈತಿ. ನೀಲವ್ವ ಬೈತಾಳ.

ಅಡಿವೆಪ್ಪ ಹಿತ್ತಲಿಂದ ತಲಿ ಎತ್ತಿ ನೋಡತಾನ. "ಅಲ್ಲವ್ವಾ" ಅಂತಾನ, "ಹೆಸರ ಹಿಡದು ಕರೀತಿ, ಬಂದರ ಬೈತಿ. ಆ ಹುಡುಗಿ ಏನ ಮಾಡಬೇಕು?"