ಗೆಳೆಯನಿಗೆ ಬಿಟ್ಟ ಜಾಗ

ಶಿಷ್ಯ ಕೇಳಿದ: "ಗುರುಗಳೇ, ಯೋಗ್ಯತೆ ಬರುವ ತನಕ ಸುಮ್ಮನಿರುವುದು ವಿನಯವಲ್ಲವೇ?"

ಕೇಳುವುದಕ್ಕೆ ಕಾರಣವಿತ್ತು. ಆ ದಿನ ಬೆಳಿಗ್ಗೆ ಕೆಲವು ಹಿರಿಯರು ಆಶ್ರಮಕ್ಕೆ ಬಂದಿದ್ದರು. "ನೀನೂ ಎರಡು ಮಾತಾಡಪ್ಪ" ಎಂದು ಗುರುಗಳು ಕರೆದರು. ಅವನು ಕೈಮುಗಿದು ಕಂಬದ ಹಿಂದೆ ಸರಿದುಬಿಟ್ಟ. ಇದು ಮೊದಲ ಸಲವೇನೂ ಆಗಿರಲಿಲ್ಲ.

ಗುರುಗಳು ನಕ್ಕರು. "ವಿನಯವೋ ಅಲ್ಲವೋ ಆಮೇಲೆ ನೋಡೋಣ. ಕಂಬದ ಹಿಂದೆ ನಿಲ್ಲುವುದರಲ್ಲಂತೂ ನೀನು ಚೆನ್ನಾಗಿ ಪಳಗಿದ್ದೀಯೆ. ಕೂತುಕೋ" ಎಂದು ಈ ಕತೆ ಹೇಳಿದರು.

ಚೀನಾ ದೇಶದಲ್ಲಿ ಒಬ್ಬ ಚಿತ್ರಕಾರನಿದ್ದ. ತೀರ ಹಳೆಯ ಕಾಲದವನಲ್ಲ. ರೈಲು, ರೇಡಿಯೊ ಎಲ್ಲ ಬಂದ ಮೇಲಿನವನು. ಅವನಿಗೊಬ್ಬ ಗೆಳೆಯ, ಗಡಿಯಾರ ರಿಪೇರಿ ಮಾಡುವವನು. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕಲಿತವರು. ಚಿತ್ರಕಾರ ದೊಡ್ಡ ಊರಿಗೆ ಹೋಗಿ ಹೆಸರು ಮಾಡಿದ. ಗೆಳೆಯ ಹುಟ್ಟಿದ ಊರಿನಲ್ಲೇ ಅಂಗಡಿ ಇಟ್ಟುಕೊಂಡ.

ಆ ದೇಶದಲ್ಲಿ ಒಂದು ರೂಢಿಯಿದೆ. ಚಿತ್ರಕಾರ ಕಾಗದದ ಮೇಲೆ ಚಿತ್ರ ಬಿಡಿಸಿ, ಒಂದಿಷ್ಟು ಜಾಗ ಖಾಲಿ ಬಿಡುತ್ತಾನೆ. ಗೆಳೆಯನಾದವನು ಆ ಜಾಗದಲ್ಲಿ ತನಗೆ ತೋಚಿದ ನಾಲ್ಕು ಸಾಲನ್ನು ಕುಂಚದಲ್ಲೇ ಬರೆದು ತನ್ನ ಹೆಸರಿನ ಮುದ್ರೆ ಒತ್ತುತ್ತಾನೆ. ಅದು ಚಿತ್ರಕ್ಕೆ ಮಾಡಿದ ಅಪಚಾರವಲ್ಲ. ಇಬ್ಬರೂ ಸೇರಿದ ಮೇಲೆಯೇ ಆ ಚಿತ್ರ ಮುಗಿಯಿತು ಎಂದು ಲೆಕ್ಕ.

ಒಂದು ಹೊಸ ವರ್ಷಕ್ಕೆ ಚಿತ್ರಕಾರ ಗೆಳೆಯನಿಗೆ ಅಂಚೆಯಲ್ಲಿ ಒಂದು ಸುರುಳಿ ಕಳಿಸಿದ. ಬಿಚ್ಚಿದರೆ ಕಾಗದದ ತುಂಬ ಅವರ ಊರಿನ ಬೆಟ್ಟ. ಮೇಲೆ ಬಲಗಡೆ ಅಂಗೈಯಷ್ಟು ಜಾಗ ಖಾಲಿ. ಜೊತೆಗೆ ಒಂದು ಚೀಟಿ: "ನಿನ್ನ ಜಾಗ ಬಿಟ್ಟಿದ್ದೇನೆ. ಬರೆದು ಕಳಿಸು."

ಗಡಿಯಾರದವನಿಗೆ ಬೆಟ್ಟ ಕಂಡದ್ದೇ ತಡ, ಒಂದು ಮಾತು ಬಾಯಿಗೆ ಬಂತು: 'ಈ ಬೆಟ್ಟದ ಹಿಂದೆಯೇ ಅಲ್ಲವೇನೋ ನಾವು ಹಣ್ಣು ಕದ್ದು ಒದೆ ತಿಂದದ್ದು?' ಬರೆಯಲು ಕುಂಚ ಹಿಡಿದ. ಆಮೇಲೆ ಚಿತ್ರದ ಗೆರೆಗಳನ್ನು ನೋಡಿದ. ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು ಕೂರಿಸುವ ಕೈ ಅವನದು, ಆದರೆ ಕುಂಚ ಹಿಡಿದರೆ ನಡುಗುತ್ತಿತ್ತು. ಇಂಥ ಚಿತ್ರದ ಮೇಲೆ ಇಂಥ ಅಕ್ಷರವೇ, ಅದೂ ಹಣ್ಣು ಕದ್ದ ಮಾತೇ ಎಂದು ನಾಚಿದ. ಸುರುಳಿಯನ್ನು ಹಾಗೇ ಸುತ್ತಿ ವಾಪಸು ಕಳಿಸಿದ. "ಇನ್ನೂ ಕೈ ಪಳಗಿಲ್ಲ. ಮುಂದಿನ ವರ್ಷ ಬರೆಯುತ್ತೇನೆ" ಎಂದು ಚೀಟಿ ಇಟ್ಟ. ನೀನು ತಲೆಯಾಡಿಸಬೇಡ, ಅವನ ಜಾಗದಲ್ಲಿ ನೀನಿದ್ದರೂ ಅದನ್ನೇ ಮಾಡುತ್ತಿದ್ದೆ.

ಮುಂದಿನ ವರ್ಷ ಇನ್ನೊಂದು ಸುರುಳಿ ಬಂತು. ಈ ಸಲ ಬೆಟ್ಟ ಅರ್ಧ, ಖಾಲಿ ಜಾಗ ಎರಡು ಅಂಗೈಯಷ್ಟು. ಗಡಿಯಾರದವನು ಬೆವರಿದ. 'ಹೋದ ವರ್ಷ ನಾಲ್ಕು ಸಾಲು ಸಾಕಿತ್ತು. ಈಗ ಎಂಟು ಸಾಲು ಕೇಳುತ್ತಿದ್ದಾನೆ' ಎಂದುಕೊಂಡ. ಅದನ್ನೂ ವಾಪಸು ಕಳಿಸಿದ. ಮೂರನೆಯ ವರ್ಷ ಬೆಟ್ಟ ಹೋಗಿ ಒಂದು ಮರ ಬಂತು. ಆಮೇಲೊಂದು ವರ್ಷ ಬರೀ ಕೊಂಬೆ. ಜಾಗ ಹೆಚ್ಚಿದಷ್ಟೂ ಇವನ ಭಯ ಹೆಚ್ಚಿತು.

ಆದರೆ ಅವನು ಸೋಮಾರಿಯಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಬಾಗಿಲು ಮುಂದೆ ಮಾಡಿ, ಹಳೆಯ ಪತ್ರಿಕೆಗಳ ಮೇಲೆ ಅಕ್ಷರ ತಿದ್ದುತ್ತಿದ್ದ. ಪದ್ಯದ ಪುಸ್ತಕ ತಂದು ಓದಿದ. ಗೆಳೆಯನ ಊರಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಆದರೂ ಹೋಗಲಿಲ್ಲ. ಬರಿಗೈಯಲ್ಲಿ ಯಾವ ಮುಖ ಇಟ್ಟುಕೊಂಡು ಹೋಗಲಿ ಎನ್ನುತ್ತಿದ್ದ. ಹೀಗೆ ಹನ್ನೊಂದು ಸುರುಳಿ ಬಂದವು. ಹನ್ನೊಂದೂ ಖಾಲಿ ಜಾಗ ಹೊತ್ತುಕೊಂಡೇ ಹಿಂದಿರುಗಿದವು.

ಹನ್ನೆರಡನೆಯ ವರ್ಷ ಅವನ ಕೈ ಪಳಗಿತು. ಕುಂಚ ಹೇಳಿದಂತೆ ಕೇಳತೊಡಗಿತು. ನಾಲ್ಕು ಒಳ್ಳೆಯ ಸಾಲುಗಳೂ ಕೂಡಿಬಂದವು. ಹೊಸ ವರ್ಷಕ್ಕೆ ಮಸಿ ಅರೆದು ಕಾದು ಕೂತ. ಸುರುಳಿ ಬರಲಿಲ್ಲ. ಪಕ್ಕದ ಅಂಗಡಿಯ ರೇಡಿಯೊದಲ್ಲಿ ಚಿತ್ರಕಾರ ತೀರಿಕೊಂಡ ಸುದ್ದಿ ಬಂತು.

ಎರಡು ವರ್ಷದ ಮೇಲೆ ಆ ದೊಡ್ಡ ಊರಿನಲ್ಲಿ ಚಿತ್ರಕಾರನ ಹೆಸರಿನಲ್ಲಿ ಒಂದು ಮ್ಯೂಸಿಯಂ ಆಯಿತು. ಅವನ ಚಿತ್ರ, ಅವನ ಕುಂಚ, ಅವನು ತೊಟ್ಟ ಕೋಟು, ಎಲ್ಲವನ್ನೂ ಅಲ್ಲಿ ಇಟ್ಟರು. ಗಡಿಯಾರದವನು ಕಡೆಗೂ ಬಸ್ಸು ಹತ್ತಿದ. ಎಲ್ಲರ ಹಾಗೆ ಟಿಕೆಟು ಕೊಂಡು ಒಳಗೆ ಹೋದ.

ಕೊನೆಯ ಕೋಣೆಯಲ್ಲಿ ಆ ಹನ್ನೊಂದು ಚಿತ್ರಗಳನ್ನು ವರುಷದ ಪ್ರಕಾರ ಸಾಲಾಗಿ ತೂಗುಹಾಕಿದ್ದರು. ಮ್ಯೂಸಿಯಂನವಳೊಬ್ಬಳು ಜನರಿಗೆ ವಿವರಿಸುತ್ತಿದ್ದಳು: "ನೋಡಿ, ಮೊದಲು ಇಡೀ ಬೆಟ್ಟ, ಕೊನೆಗೆ ಒಂದೇ ಒಂದು ಗುಬ್ಬಿ. ವಯಸ್ಸಾದ ಹಾಗೆ ಅವರು ಎಲ್ಲವನ್ನೂ ಬಿಡುತ್ತ ಶೂನ್ಯದ ಕಡೆಗೆ ನಡೆದರು. ಈ ಖಾಲಿ ಜಾಗವೇ ಅವರ ದೊಡ್ಡ ಸಾಧನೆ."

ಜನ ಮೆಚ್ಚಿ ತಲೆದೂಗಿದರು. ಗಡಿಯಾರದವನು ಮಾತ್ರ ಮೊದಲ ಚಿತ್ರದಿಂದ ಕೊನೆಯದರವರೆಗೆ ಇನ್ನೊಮ್ಮೆ ನೋಡುತ್ತ ಬಂದ. ವರ್ಷಕ್ಕೊಂದರಂತೆ ನೋಡಿದಾಗ ಕಾಣದ್ದು ಒಟ್ಟಿಗೆ ನೋಡಿದಾಗ ಕಂಡಿತ್ತು. ಗೆಳೆಯ ಹೆಚ್ಚು ಸಾಲು ಕೇಳಿರಲೇ ಇಲ್ಲ. ಬೆಟ್ಟ ಕಂಡು ಇವನು ಹೆದರುತ್ತಾನೆಂದು ಬೆಟ್ಟ ತೆಗೆದಿದ್ದ. ಮರಕ್ಕೂ ಹೆದರಿದನೆಂದು ಮರ ತೆಗೆದಿದ್ದ. ವರ್ಷ ವರ್ಷವೂ ತನ್ನ ವಿದ್ಯೆಯನ್ನು ಇಷ್ಟಿಷ್ಟೇ ಹಿಂದಕ್ಕೆ ಸರಿಸಿ, ಇವನಿಗೆ ಕೂರಲು ಜಾಗ ಮಾಡಿಕೊಟ್ಟಿದ್ದ.

"ತಾಯಿ, ಅದು ಶೂನ್ಯವಲ್ಲ. ಅದು ನನ್ನ ಜಾಗ" ಎಂದ ಅವನು.

ಮ್ಯೂಸಿಯಂನವಳಿಗೆ ಅರ್ಥವಾಗಲಿಲ್ಲ. ಆದರೆ ಅಲ್ಲೇ ಬಾಗಿಲ ಬಳಿ ಚಿತ್ರಕಾರನ ಮಗಳಿದ್ದಳು. ಅವಳು ಹತ್ತಿರ ಬಂದು ಮುಖ ನೋಡಿದಳು. "ಗಡಿಯಾರದ ಚಿಕ್ಕಪ್ಪ ಅಲ್ಲವೇ?" ಎಂದಳು. "ಸುರುಳಿ ವಾಪಸು ಬಂದ ದಿನ ಅಪ್ಪ ಊಟಕ್ಕೂ ಏಳುತ್ತಿರಲಿಲ್ಲ. ಮೊದಲು ಆ ಜಾಗವನ್ನೇ ಬಿಚ್ಚಿ ನೋಡುತ್ತಿದ್ದರು. 'ಒಂದು ಬೈಗುಳವನ್ನಾದರೂ ಬರೆಯಬಾರದಿತ್ತೇ ಇವನು' ಎನ್ನುತ್ತಿದ್ದರು."

ಅವಳೇ ಗುಬ್ಬಿಯ ಚಿತ್ರವನ್ನು ಗೋಡೆಯಿಂದ ಇಳಿಸಿದಳು. ಮೇಜಿನ ಮೇಲೆ ಹಾಸಿ, ಮಸಿಯನ್ನೂ ತಂದೆಯ ಕುಂಚವನ್ನೂ ತಂದಿಟ್ಟಳು. "ಈಗಲಾದರೂ ಬರೆಯಿರಿ ಚಿಕ್ಕಪ್ಪ. ನಾನು ಹೇಳುತ್ತಿದ್ದೇನೆ, ಯಾರೂ ತಡೆಯುವುದಿಲ್ಲ."

ಗಡಿಯಾರದವನು ಕುಂಚ ಎತ್ತಿಕೊಂಡ. ಮಸಿಯಲ್ಲಿ ಅದ್ದಿದ. ಕೈ ಒಂದಿಷ್ಟೂ ನಡುಗಲಿಲ್ಲ. ಖಾಲಿ ಜಾಗವನ್ನೊಮ್ಮೆ ನೋಡಿ, ಕುಂಚವನ್ನು ತೊಳೆದು ಒರೆಸಿ ಕೆಳಗಿಟ್ಟ. ಹೊರಗೆ ಬಂದು ಊರಿನ ಬಸ್ಸು ಹತ್ತಿದ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಕೈ ಪಳಗಿತ್ತು. ಸಾಲುಗಳೂ ಸಿದ್ಧವಿದ್ದವು. ಮಗಳೇ ಬರೆಯಿರಿ ಎಂದಳು. ಆದರೂ ಯಾಕೆ ಬರೆಯಲಿಲ್ಲ ಗುರುಗಳೇ?"

ಗುರುಗಳು ಅವನ ಮುಖ ನೋಡಿ ಹೇಳಿದರು: "ಬರೆದು ಯಾರಿಗೆ ಕಳಿಸುವುದಪ್ಪ?"