ಅಂಬಿಗನ ತಪ್ಪೊಪ್ಪಿಗೆ

ಹೊಳೆಯ ದಂಡೆಯಲ್ಲಿ ಅಪ್ರಮೇಯರ ಆಶ್ರಮವಿತ್ತು. ಆ ಸೀಮೆಯ ನ್ಯಾಯಾಧಿಕಾರಿಗಳೆಲ್ಲ ಅವರ ಶಿಷ್ಯರು. ಪೀಠ ಏರಿದ ಮೇಲೂ ವರ್ಷಕ್ಕೊಮ್ಮೆ ಬಂದು ಅವರ ಮುಂದೆ ಕೂತು ಪಾಠ ಕೇಳಬೇಕು. ಅದು ಅಲ್ಲಿಯ ಕಟ್ಟಳೆ.

ಅವರಲ್ಲೊಬ್ಬನಾದ ನಾಗಿದೇವನಿಗೆ ಇದು ಬೇಸರ. ಊರಿಗೆಲ್ಲ ತೀರ್ಪು ಹೇಳುವವನು ಮತ್ತೆ ಚಾಪೆಯ ಮೇಲೆ ಕೂರುವುದೆಂದರೆ ಯಾರಿಗೆ ತಾನೇ ಹಿತ? ಆದರೂ ಬಂದ.

“ನಿನ್ನ ಮುಂದೆ ಈಗ ಯಾವ ವ್ಯಾಜ್ಯವಿದೆ?” ಗುರುಗಳು ಕೇಳಿದರು.

“ಒಂದು ಕೊಲೆ, ಗುರುಗಳೇ. ಹೊನ್ನ ಎಂಬ ಅಂಬಿಗ ತನ್ನ ಹರಿಗೋಲಿನಿಂದ ವರ್ತಕನೊಬ್ಬನನ್ನು ಹೊಳೆಗೆ ತಳ್ಳಿದ. ವರ್ತಕನ ತಮ್ಮನದೇ ದೂರು. ಊರಿಗೆ ಹೋದ ಕೂಡಲೇ ಗಲ್ಲು ವಿಧಿಸುತ್ತೇನೆ.”

“ಹಾಗಾದರೆ ಹೊನ್ನನಾಗಿ ಕೂತು ಹೇಳು.”

ಅದು ಅಪ್ರಮೇಯರ ಪದ್ಧತಿ. ತೀರ್ಪು ಕೊಡುವ ಮೊದಲು, ಸೋಲಲಿರುವವನ ಬಾಯಿಂದ ಇಡೀ ಕಥೆ ಹೇಳಬೇಕು. ನಾಗಿದೇವ ಚಾಪೆ ಬಿಟ್ಟು ನೆಲದ ಮೇಲೆ ಕೂತು ಕೈಕಟ್ಟಿದ.

“ನಾನು ಹೊನ್ನ. ವರ್ತಕನನ್ನು ನಾನೇ ಕೊಂದೆ.”

“ಯಾಕಪ್ಪ ಕೊಂದೆ?”

ನಾಗಿದೇವ ಕಟ್ಟಿದ್ದ ಕೈ ಬಿಟ್ಟು ಗುರುಗಳ ಮುಖ ನೋಡಿದ.

“ಅವನ ಮೇಲೆ ನಿನಗೇನು ದ್ವೇಷವಿತ್ತು, ಹೊನ್ನ?”

“ಅದನ್ನು ನಾನು ಕೇಳಲಿಲ್ಲ, ಗುರುಗಳೇ. ನಾನೇ ಕೊಂದೆ ಎಂದು ಅವನೇ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಕೇಳುವುದೇನಿದೆ?”

ಗುರುಗಳು ಎದ್ದು ಚಾಪೆ ಸುತ್ತಿಟ್ಟರು.

“ಈ ವರ್ಷ ನಿನಗೆ ಇಲ್ಲಿ ಪಾಠವಿಲ್ಲ. ನಿನ್ನ ಪಾಠ ಸೆರೆಮನೆಯಲ್ಲಿ ಕೂತಿದೆ. ಹೋಗು.”

ನಾಗಿದೇವ ಮುಖ ಊದಿಸಿಕೊಂಡೇ ಹೋದ. ಕೆಲವು ದಿನ ಕಳೆದು ತಿರುಗಿ ಬಂದವನು ನೇರವಾಗಿ ಗುರುಗಳ ಕಾಲು ಹಿಡಿದ.

“ಹೊನ್ನನನ್ನೇ ಕೇಳಿದೆ, ಗುರುಗಳೇ. ‘ನನ್ನ ನಂಬಿ ಹರಿಗೋಲು ಹತ್ತಿದೋರು ಮುಳುಗಿದ್ರೆ ನಾನೇ ಕೊಂದಂಗೆ, ಸ್ವಾಮಿ. ನಮ್ಮಪ್ಪನೂ ಹಂಗೇ ಅಂತಿದ್ದ’ ಅಂದ. ಆ ಹೊಳೆಯ ಅಂಬಿಗರೆಲ್ಲ ಹಾಗೆಯೇ ಹೇಳುವುದಂತೆ. ಆಮೇಲೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರನ್ನು ಕರೆಸಿದೆ. ಬೇಡವೆಂದರೂ ವರ್ತಕ ಎದ್ದು ನಿಂತನಂತೆ, ಆಯ ತಪ್ಪಿ ಬಿದ್ದನಂತೆ. ಹೊನ್ನ ಸುಳಿಗೆ ಹಾರಿ ಹುಡುಕಿದ್ದನ್ನು ಅವರೆಲ್ಲ ಕಂಡಿದ್ದಾರೆ. ಮೊದಲು ನಾನು ಅವರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.”

“ಈಗ ಅವನೆಲ್ಲಿ?”

“ಬಿಡುಗಡೆ ಮಾಡಿದೆ. ಆದರೆ ಮನೆಗೆ ಹೋಗಲಿಲ್ಲ. ವರ್ತಕನ ಹೆಂಡತಿಯ ಬಾಗಿಲಲ್ಲಿ ತಲೆತಗ್ಗಿಸಿ ಕೂತಿದ್ದಾನೆ. ಅಂಥವನನ್ನು ಗಲ್ಲಿಗೆ ಕಳಿಸುವವನಿದ್ದೆ.”

ಇಂಥ ಮನುಷ್ಯರೂ ಭೂಮಿಯ ಮೇಲಿದ್ದಾರಲ್ಲ ಎಂಬ ಬೆರಗು ನಾಗಿದೇವನನ್ನು ಇನ್ನೂ ಬಿಟ್ಟಿರಲಿಲ್ಲ. ಆಶ್ರಮ ಬಿಟ್ಟು ಕದಲದೆಯೇ ಎಲ್ಲವನ್ನೂ ಕಂಡ ಗುರುಗಳನ್ನು ನೋಡಿದರೆ ಮೈ ಜುಮ್ಮೆನ್ನುತ್ತಿತ್ತು.

“ಅವನು ನಿರಪರಾಧಿ ಎಂದು ನಿಮಗೆ ಇಲ್ಲಿ ಕೂತೇ ಹೇಗೆ ತಿಳಿಯಿತು, ಗುರುಗಳೇ?”

ಅಪ್ರಮೇಯರು ಅವನ ತಲೆಯ ಮೇಲೆ ಕೈಯಿಟ್ಟರು.

“ನನಗೆಲ್ಲಿ ತಿಳಿದಿತ್ತು, ಮಗು? ಅವನು ಕೊಲೆಗಾರ ಎಂದು ನಿನಗೆ ಚೆನ್ನಾಗಿ ತಿಳಿದಿತ್ತಲ್ಲ, ಅದಕ್ಕೇ ಭಯವಾಯಿತು.”